ಡ್ರೈಸೂಟ್ ಗೌಡ್ರು

ಬೀದಿಗಿಳಿಯದ ಬುಲೆಟ್ಟಿಗೆ ದಿನಾ ಪಾಲಿಶ್ ಹೊಡೆಯುವವರು, ಫೋಟೋ ತೆಗೆಯದೆ ಲೆನ್ಸ್ ಮೇಲೆ ಲೆನ್ಸ್ ಕೊಳ್ಳುವವರು ಎಲ್ಲ ಊರಲ್ಲೂ ಇರುತ್ತಾರೆ. ರಾಮನಗರದ ಪಾಲಿಗೆ ಬಂದವರು ಡ್ರೈಸೂಟ್ ಗೌಡ್ರು.

ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ನಾರ್ವೆಗೆ ಹೋದವರು, ಕೊರೆಯುವ ಕಡಲಿಗೆ ಇಳಿಯುವವರನ್ನು ದಡದಲ್ಲೇ ನಿಂತು ನೋಡಿದರು. ಹೋಗುವಾಗ ಮೊಮ್ಮಗನ ಬಟ್ಟೆಬರೆಗೆ ಇಲ್ಲದ ಜಾಗ, ವಾಪಸು ಬರುವಾಗ ಪೆಟ್ಟಿಗೆಯಲ್ಲಿ ಒಳಕ್ಕೆ ನೀರು ಬಿಡದ ಡೈವಿಂಗ್ ಉಡುಪು ಡ್ರೈಸೂಟಿಗೆ ಸಿಕ್ಕಿತು.

'ನೀರು ಮೈಶಾಖಾನ ಗಾಳಿಗಿಂತ 25 ಪಟ್ಟು ಬೇಗ ಎಳ್ಕೊಳ್ತದೆ ಕಣ್ರೀ. 15 ಡಿಗ್ರಿಗಿಂತ ಕೆಳಗೆ ಹೋದ್ರೆ ವೆಟ್‌ಸೂಟು ಸಾಲಲ್ಲ' ಎಂದು ಟೀ ಅಂಗಡಿಯಲ್ಲಿ ಶುರು ಮಾಡಿದರೆ ಮುಗಿಯಿತು. ನಿಯೋಪ್ರೀನ್ ಸೂಟು ತಾನೇ ಬೆಚ್ಚಗಿಡುತ್ತದೆ, ಆದರೆ ಆಳಕ್ಕಿಳಿದಂತೆ ಅಮುಕಿ ತೆಳುವಾಗುತ್ತದೆ. ಟ್ರೈಲ್ಯಾಮಿನೇಟ್ ಸೂಟು ತಡೆಯುವುದು ನೀರನ್ನು ಮಾತ್ರ, ಚಳಿಗೆ ಒಳಗೆ ಬೇರೆ ಬಟ್ಟೆ ಬೇಕು. ಹತ್ತಿ ಬನಿಯನ್ ಮಾತ್ರ ಕೂಡದು, ಬೆವರು ಹೀರಿ ನಡುಗಿಸುತ್ತದೆ. ಉಸಿರಾಟದ ರೆಗ್ಯುಲೇಟರ್ ಒಳಕ್ಕೆ ನೀರು ನುಗ್ಗದಂತೆ ಸೀಲ್ ಆಗಿರಬೇಕು, ಇಲ್ಲವಾದರೆ ಹಿಮಗಟ್ಟಿ ಸಿಲಿಂಡರಿನ ಗಾಳಿಯೆಲ್ಲ ಭುಸ್ಸನೆ ಖಾಲಿ. ಅಷ್ಟರಲ್ಲಿ ಕೇಳುವವರ ಟೀ ಹಿಮಗಟ್ಟಿರುತ್ತದೆ.

ಸೂಟು ಸಾಕುವುದರಲ್ಲಂತೂ ಅವರನ್ನು ಮೀರಿಸುವವರಿಲ್ಲ. ಕುತ್ತಿಗೆ, ಮಣಿಕಟ್ಟಿನ ಲ್ಯಾಟೆಕ್ಸ್ ಪಟ್ಟಿಗೆ ಘಮವಿಲ್ಲದ ಪೌಡರ್, ಹಿತ್ತಾಳೆ ಜಿಪ್ಪಿಗೆ ಹಲ್ಲುಜ್ಜುವ ಬ್ರಷ್, ಆಮೇಲೆ ಮೇಣ. ಬಿಸಿಲು ತಾಗಬಾರದು, ಜಿಪ್ ಮುರಿಯುವಂತೆ ಮಡಿಸಬಾರದು. 'ಹೆತ್ತ ಮಕ್ಳಿಗೆ ಒಂದಿನಾ ಪೌಡರ್ ಹಚ್ಚಲಿಲ್ಲ ಈವಯ್ಯ' ಎಂಬುದು ಹೆಂಡತಿಯ ಅಹವಾಲು. ತೂತು ಪರೀಕ್ಷೆ ನಡೆಯುವುದು ಪಂಕ್ಚರ್ ಅಂಗಡಿಯಲ್ಲಿ. ಮಣಿಕಟ್ಟುಗಳಿಗೆ ಅರಗಿನ ಹೊಳಪಿನ ಎರಡು ಚನ್ನಪಟ್ಟಣದ ಬೊಂಬೆ, ಕುತ್ತಿಗೆಗೆ ಚೆಂಡು ತುರುಕಿ, ಗಾಳಿ ತುಂಬಿ ಸೋಪುನೀರು ಸವರಿದರೆ ಗುಳ್ಳೆ ಬಂದ ಕಡೆ ತೂತು. ಬೊಂಬೆಗೆ ಅಂಥ ಕೆಲಸ ಟಿಪ್ಪುವಿನ ಕಾಲದಿಂದ ಈಚೆಗೆ ಯಾರೂ ಕೊಟ್ಟಿರಲಾರರು.

ಒಮ್ಮೆ, ಏಪ್ರಿಲ್ ತಿಂಗಳಲ್ಲಿ, ಹಜಾರದಲ್ಲೇ ಸೂಟು ತೊಟ್ಟು ಹೇಗೋ ಜಿಪ್ ಎಳೆದುಕೊಂಡರು. ಬಿಚ್ಚೋಣವೆಂದರೆ ಜಿಪ್ ಇರುವುದು ಬೆನ್ನಮೇಲೆ, ಹೆಂಡತಿ ಹೋಗಿದ್ದು ಮಾಗಡಿ ರಂಗನಾಥನ ತೇರಿಗೆ. ಬಿಸಿನೀರಿಗೆ ಬಿದ್ದ ಗೂಡಿನೊಳಗಿನ ಹುಳುವಿನಂತಾದರು. ಅದರ ಗತಿ ಏನೆಂದು ರೇಷ್ಮೆ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಪಂಕ್ಚರ್ ಹುಡುಗ ಬಂದು ಬಿಡಿಸಿದ.

ಹಾಗಾದರೆ ಮುಳುಗುವುದು ಯಾವಾಗ? ಡಿಸೆಂಬರಿನಲ್ಲಿ ಕಣ್ವ ಜಲಾಶಯಕ್ಕೆ ದಾರ ಕಟ್ಟಿದ ಥರ್ಮಾಮೀಟರ್ ಇಳಿಸಿ, 'ಥೂ, ಸ್ನಾನದ ನೀರು' ಎಂದು ಬೈದು ಬಂದರು. ಮುರ್ಡೇಶ್ವರದವರೆಗೆ ಹೋಗಿ, ನೇತ್ರಾಣಿ ದ್ವೀಪದ ಸುತ್ತಲ ನೀರು ಬೆಚ್ಚಗಿದೆ ಎಂದು ತಿಳಿದು ದೋಣಿಯನ್ನೇ ಹತ್ತಲಿಲ್ಲ. 'ನಾವು ಸಂಗಮದಾಗೆ ಚಡ್ಡೀಲೇ ಬೀಳ್ತೀವಲ್ಲ ಗೌಡ್ರೆ' ಎಂದ ಕನಕಪುರದ ಹುಡುಗನಿಗೆ, 'ನೀನು ಬೀಳೋನು ಕಣ್ಲಾ, ನಾನು ಡೈವ್ ಮಾಡೋನು' ಎಂದರು. ಮಂಚನಬೆಲೆಯಲ್ಲಿ ನೀರಿಗಿಳಿಯಬೇಡಿ ಎಂಬ ಫಲಕವನ್ನು ಮನಸಾರೆ ಪಾಲಿಸುವ ಪ್ರಜೆ ಬಹುಶಃ ಅವರೊಬ್ಬರೇ. ರೆಗ್ಯುಲೇಟರಿನ ಸರ್ವೀಸು ವರ್ಷಕ್ಕೊಮ್ಮೆ ಇಲ್ಲವೇ 100 ಡೈವಿಗೊಮ್ಮೆ, ಯಾವುದು ಮೊದಲೋ ಅದು. ಗೌಡ್ರ ಲೆಕ್ಕದಲ್ಲಿ ಇದುವರೆಗೆ ವರ್ಷವೇ ಮೊದಲು ಬಂದಿದೆ.

ಐಸ್‌ಲ್ಯಾಂಡಿನ ಸಿಲ್‌ಫ್ರಾ ಬಿರುಕಿನಲ್ಲಿ ನೀರು ವರ್ಷವಿಡೀ 2ರಿಂದ 4 ಡಿಗ್ರಿಯಂತೆ. ನಿಮ್ಮಲ್ಲಿ ಯಾರಾದರೂ ಆ ಕಡೆ ಹೊರಟಿದ್ದರೆ ಗೌಡ್ರನ್ನು ದಯವಿಟ್ಟು ಕರೆದುಕೊಂಡು ಹೋಗಿ. ಸೂಟು ಮಾತ್ರ ಎರವಲು ಕೇಳಬೇಡಿ, ಒದ್ದೆಯಾಗುತ್ತದೆ ಎಂದು ಅವರು ಕೊಡುವುದಿಲ್ಲ.