ಸೇಬಿಲ್ಲದ ಡಬ್ಬಕ್ಕೆ ಮ್ಯಾಕ್: ಬಳಕೆದಾರರ ಕೈಪಿಡಿ

ಯಾರಿಗೆ: ಮಂಗಳೂರಿನ ಪಂಪ್‌ವೆಲ್ ಆಸುಪಾಸಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತ, ಫೈನಲ್ ಕಟ್ ಬೇಕು, ಮ್ಯಾಕ್‌ನ ರೇಟು ಬೇಡ ಅನ್ನುವವರಿಗೆ. ಬೇರೆ ಕಂಪನಿಯ ಡಬ್ಬದಲ್ಲಿ ಆಪಲ್‌ನ ಮ್ಯಾಕ್‌ಓಎಸ್ ಓಡಿಸಿದರೆ ಅದು ಹ್ಯಾಕಿಂಟೋಶ್.

ಮೊದಲು ಓದಿ: ಮ್ಯಾಕ್‌ಓಎಸ್ ಅನ್ನು ಆಪಲ್ ಕಂಪ್ಯೂಟರಿಗೆ ಮಾತ್ರ ಹಾಕಬೇಕೆಂದು ಲೈಸೆನ್ಸ್ ಹೇಳುತ್ತದೆ. ಅಮೆರಿಕದ ಸೈಸ್ಟಾರ್ ಕಂಪನಿ 2008ರಲ್ಲಿ ಇಂಥ ಡಬ್ಬಗಳನ್ನು ಮಾರಲು ಹೊರಟು ಮರುವರ್ಷವೇ ಕೋರ್ಟಿನಲ್ಲಿ ಸೋತಿತು. ಈಗ ‘ಅಗ್ರಿ’ ಒತ್ತಿ. ಉಳಿದವರು ಓದದೆ ಒತ್ತುತ್ತಾರೆ, ನೀವು ಓದಿ ಒತ್ತುತ್ತೀರಿ; ಅಷ್ಟೇ ವ್ಯತ್ಯಾಸ.

ಸಾಮಗ್ರಿ: ಇಂಟೆಲ್ ಪ್ರೊಸೆಸರ್, 16 ಜಿಬಿ ಪೆನ್‌ಡ್ರೈವ್, ಎಎಂಡಿ ಗ್ರಾಫಿಕ್ಸ್ ಕಾರ್ಡ್. ನಿಮ್ಮಲ್ಲಿರುವುದು ಹೊಸ ಎನ್‌ವಿಡಿಯಾ ಕಾರ್ಡ್ ಆದರೆ ಅದು ಮ್ಯಾಕ್‌ಓಎಸ್‌ಗೆ ಹೊಂದದು; ತೆಗೆದಿಟ್ಟು ಬೇರೆ ಕೊಳ್ಳಿ. ದುಡ್ಡು ಉಳಿಸುವ ಕೆಲಸ ಶುರುವಾಗುವುದೇ ಹೀಗೆ.

ಹಂತ 1: ಓಪನ್‌ಕೋರ್ ಇಳಿಸಿಕೊಳ್ಳಿ. ಇದು ಆಪಲ್ ಡಬ್ಬವೇ ಎಂದು ಮ್ಯಾಕ್‌ಓಎಸ್‌ಗೆ ನಂಬಿಸುವುದು ಅದರ ಕೆಲಸ. ಮ್ಯಾಕ್‌ಓಎಸ್ ಒಳಗೆ ‘ಡೋಂಟ್ ಸ್ಟೀಲ್ ಮ್ಯಾಕ್ ಓಎಸ್ ಎಕ್ಸ್’ ಎಂಬ ಹೆಸರಿನ ಕಾವಲುಗಾರ ಫೈಲೊಂದು ಕೂತಿದೆ. ಆಪಲ್ ಯಂತ್ರದ ಎಸ್‌ಎಂಸಿ ಚಿಪ್ಪಿನಲ್ಲಿರುವ ಗುಟ್ಟಿನ ಕೀಲಿಯನ್ನು ಅದು ಕೇಳುತ್ತದೆ. ನಿಮ್ಮಲ್ಲಿ ಆ ಚಿಪ್ಪೇ ಇಲ್ಲ. ಗಾಬರಿ ಬೇಡ, ವರ್ಚುವಲ್‌ಎಸ್‌ಎಂಸಿ ಎಂಬ ತಂತ್ರಾಂಶ ಮುಂದೆ ಬಂದು ‘ನಾನೇ ಅದು’ ಅನ್ನುತ್ತದೆ.

ಹಂತ 2: ಓಪನ್‌ಕೋರಿನ ಕಾನ್ಫಿಗ್ ಫೈಲ್ ತಿದ್ದಿ. ಎಲ್ಲೋ ಒಂದು ಸಾಲು ತಪ್ಪಿದರೂ ಸ್ಕ್ರೀನ್ ಕಪ್ಪು. ಯಾವ ಸಾಲೆಂದು ಅದು ಹೇಳುವುದಿಲ್ಲ.

ಹಂತ 3: ಬೂಟ್ ಮಾಡಿ. ಬಿಳಿ ಅಕ್ಷರಗಳು ಸರಸರನೆ ಓಡಿ ಒಂದು ಸಾಲಿನಲ್ಲಿ ನಿಂತುಬಿಡುತ್ತವೆ. ಕಾಯಿರಿ. ಪಂಪ್‌ವೆಲ್ ಸರ್ಕಲಿನಲ್ಲಿ ವರ್ಷಗಟ್ಟಲೆ ಮೇಲ್ಸೇತುವೆ ಏಳುವುದನ್ನು ನೋಡುತ್ತ ಬೆಳೆದವರಿಗೆ ಈ ಹಂತ ಕಷ್ಟವಲ್ಲ.

ಹಂತ 4: ಯುಎಸ್‌ಬಿ ಪೋರ್ಟುಗಳನ್ನು ಲೆಕ್ಕ ಹಾಕಿ. ಮ್ಯಾಕ್‌ಓಎಸ್‌ನಲ್ಲಿ ಒಂದು ಕಂಟ್ರೋಲರಿಗೆ 15 ಪೋರ್ಟಿನ ಮಿತಿ. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂದು ತೀರ್ಮಾನಿಸುವಷ್ಟರಲ್ಲಿ ಬೆಳಗಾಗುತ್ತದೆ.

ತೊಂದರೆ ಮತ್ತು ಪರಿಹಾರ

ಮಲಗಿದ ಕಂಪ್ಯೂಟರ್ ಏಳುತ್ತಿಲ್ಲ: ಇನ್ನು ಮುಂದೆ ಮಲಗಿಸಬೇಡಿ.

ಅಪ್‌ಡೇಟ್ ಬಂದಿದೆ: ನೋಡಿಯೂ ನೋಡದಂತಿರಿ.

‘ವಿಡಿಯೊ ಎಂತಾಯ್ತು ಮಾರಾಯ್ರೆ?’ ಎಂದು ಮದುವೆ ಮನೆಯವರ ಫೋನ್: ‘ರೆಂಡರಿಂಗಿಗೆ ಹಾಕಿದ್ದೇನೆ’ ಅನ್ನಿ.

ಬಾಳಿಕೆ: 2006ರಲ್ಲಿ ಆಪಲ್ ತನ್ನ ಯಂತ್ರಗಳಿಗೂ ಇಂಟೆಲ್ ಪ್ರೊಸೆಸರ್ ಹಾಕತೊಡಗಿದ್ದರಿಂದಲೇ ಈ ವಿದ್ಯೆ ಸಾಧ್ಯವಾಯಿತು. ಕೆಲಸ ಮುಗಿಯದೆ ವರ್ಷಗಟ್ಟಲೆ ಟ್ರೋಲ್ ಆದ ನಮ್ಮ ಪಂಪ್‌ವೆಲ್ ಮೇಲ್ಸೇತುವೆ 2020ರ ಜನವರಿ 31ರಂದು ತೆರೆಯಿತು. ಅದೇ ಜೂನಿನಲ್ಲಿ ಆಪಲ್ ಇಂಟೆಲ್ ಬಿಟ್ಟು ತನ್ನದೇ ಚಿಪ್ಪಿಗೆ ಹೋಗುವುದಾಗಿ ಹೇಳಿತು. ಆ ಚಿಪ್ ಬಿಡಿಯಾಗಿ ಯಾವ ಅಂಗಡಿಯಲ್ಲೂ ಸಿಗದು. ಇಂಟೆಲ್‌ಗೆ ಮ್ಯಾಕ್‌ಓಎಸ್‌ನ 2025ರ ತಾಹೋ ಆವೃತ್ತಿಯೇ ಕೊನೆ. ಹಾಗಾಗಿ ಈ ಕೈಪಿಡಿಗೆ ಮರುಮುದ್ರಣ ಇಲ್ಲ.

ವಾರಂಟಿ: ಇಲ್ಲ. ಆದರೆ ಇಷ್ಟು ಮಾಡಿದ ಮೇಲೆ ಡಬ್ಬದೊಳಗಿನ ಒಂದೊಂದು ಚಿಪ್ಪಿನ ಹೆಸರೂ ನಿಮಗೆ ಬಾಯಿಪಾಠ. ಮ್ಯಾಕ್ ಕೊಂಡವರಿಗೆ ಈ ಭಾಗ್ಯ ಇಲ್ಲ. ಕೆಲಸ ಮುಗಿಸಿ, ದುಡ್ಡು ಎಣಿಸಿಕೊಂಡು, ರಾತ್ರಿ ಅವರೂ ಮಲಗುತ್ತಾರೆ, ಅವರ ಕಂಪ್ಯೂಟರೂ ಮಲಗುತ್ತದೆ. ಬೆಳಿಗ್ಗೆ ಎರಡೂ ಏಳುತ್ತವೆ.