ಬೆಣ್ಣೆಯಂಥ ಬಟಾಟೆ

(ಬದಿಯಡ್ಕದ ಒಂದು ತೋಟದ ಮನೆ. ಶಾಮಣ್ಣನ ದವಡೆ ಹಲ್ಲುಗಳನ್ನು ಕೀಳಿಸಿಯಾಗಿದೆ. ಹೆಂಡತಿ ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೋಗಿದ್ದಾಳೆ. ಅಡುಗೆಮನೆಯಲ್ಲಿ ಹೆಂಡತಿಯ ತಮ್ಮ ಗಣೇಶ.)

ಶಾಮಣ್ಣ: ಗಂಜಿ ಕುಡಿದು ಕುಡಿದು ಸಾಕಾಯ್ತು ಭಾವ. ಇವತ್ತು ಬಟಾಟೆ. ಬಾಯಿಗಿಟ್ಟರೆ ತನ್ನಷ್ಟಕ್ಕೇ ಇಳಿಯಬೇಕು.

ಗಣೇಶ: ತೋಟದಲ್ಲಿ ಮುಂಡಿ, ಕೆಸು, ಸುವರ್ಣಗೆಡ್ಡೆ, ಮರಗೆಣಸು ಎಲ್ಲ ಉಂಟು. ನಿಮಗೆ ಘಟ್ಟ ಇಳಿದು ಬಂದ ಬಟಾಟೆಯೇ ಆಗಬೇಕಾ?

ಶಾಮಣ್ಣ: ಕೆಸು ತಿಂದು ಗಂಟಲು ತುರಿಸಿದರೆ ಒಳಗೆ ಕೈ ಹಾಕಿ ನೀನು ಕೆರೀತೀಯಾ?

ಗಣೇಶ: ಆಯ್ತು, ಬೆಂದದ್ದನ್ನು ಮಿಕ್ಸಿಗೆ ಹಾಕಿದ್ದೇನೆ. ಎರಡು ಸುತ್ತು ತಿರುಗಿಸಿದರೆ ಮುಗೀತು.

ಶಾಮಣ್ಣ: ಬೇವ... ಬೇವ...

(ಮಿಕ್ಸಿ ಗರ್ರ್ ಎನ್ನುತ್ತದೆ. ಮುಚ್ಚಳ ತೆಗೆದು ಸೌಟು ಹಾಕಿದರೆ ಸೌಟಿನೊಟ್ಟಿಗೆ ಜಾರೂ ಮೇಲೆ ಬರುತ್ತದೆ.)

ಗಣೇಶ: ಇದೆಂತ ಭಾವ, ಹಲಸಿನ ಮೇಣದ ಹಾಗೆ ಎಳೆ ಬರ್ತದೆ!

ಶಾಮಣ್ಣ: ಬಟಾಟೆಯ ಪಿಷ್ಟ ಬೆಂದು ಉಬ್ಬಿಕೊಂಡಿರ್ತದೆ. ಬ್ಲೇಡು ಅದನ್ನು ಸೀಳಿದರೆ ಒಳಗಿನ ಅಂಟೆಲ್ಲ ಹೊರಗೆ ಬರ್ತದೆ. ಉಳಿದ ಹಲ್ಲೂ ಇದರಲ್ಲೇ ಕಿತ್ತು ಬಂದೀತು.

ಗಣೇಶ: ಮೊದಲೇ ಹೇಳಬಾರದಿತ್ತಾ?

ಶಾಮಣ್ಣ: ‘ಬೇಡ’ ಅಂತಲೇ ಹೇಳಿದ್ದು ಮಾರಾಯ! ಹಲ್ಲಿಲ್ಲದ ಬಾಯಿ. ಇನ್ನೊಮ್ಮೆ ಬೇಯಲಿಕ್ಕಿಡು. ತಣ್ಣೀರಿಗೆ, ಉಪ್ಪು ಹಾಕಿ, ಸಿಪ್ಪೆ ಸಮೇತ. ಬೆಂದ ಮೇಲೆ ನೀರು ಬಸಿದು ಒಂದು ಕ್ಷಣ ಒಲೆಯ ಮೇಲೆಯೇ ಆರಿಸು. ಬಿಸಿ ಇರುವಾಗಲೇ ಸಿಪ್ಪೆ ತೆಗೀಬೇಕು.

ಗಣೇಶ: ಕೈ ಸುಡುವುದಿಲ್ವಾ?

ಶಾಮಣ್ಣ: ಬೈರಾಸಿನಲ್ಲಿ ಹಿಡಿ. ಇನ್ನು ಅಟ್ಟದಿಂದ ಶ್ಯಾವಿಗೆ ಮಣೆ ಇಳಿಸು. ಅದರ ಕಾಲು ನೀನು ಗಟ್ಟಿ ಹಿಡಿ, ನಾನು ತಿರುಗಿಸ್ತೇನೆ.

(ತೂತುಗಳಿಂದ ಬಿಳಿ ಎಳೆಗಳು ಹಬೆಯಾಡುತ್ತಾ ತಟ್ಟೆಗೆ ಇಳಿಯುತ್ತವೆ. ಒಂದೇ ಒಂದು ಗಂಟಿಲ್ಲ.)

ಗಣೇಶ: ಆಹಾ! ಬೆಣ್ಣೆ ಎಷ್ಟು ಹಾಕುವುದು?

ಶಾಮಣ್ಣ: ಫ್ರಾನ್ಸಿನಲ್ಲಿ ಜೋಯೆಲ್ ರೊಬುಶೋನ್ ಅಂತ ದೊಡ್ಡ ಅಡುಗೆಯವ ಇದ್ದ. ಹೆಸರು ಮಾಡಿದ್ದೇ ಇದರಲ್ಲಿ. ಕಿಲೋ ಬಟಾಟೆಗೆ ಕಾಲು ಕಿಲೋ ಬೆಣ್ಣೆ.

ಗಣೇಶ: ಕಾಲು ಕಿಲೋ! ನಿಮ್ಮ ಹಟ್ಟಿಯಲ್ಲಿರುವುದು ಕಾಸರಗೋಡು ಗಿಡ್ಡ. ಅಷ್ಟು ಬೆಣ್ಣೆ ಸೇರುವಾಗ ನಿಮಗೆ ಹೊಸ ಹಲ್ಲು ಬಂದಿರ್ತದೆ. ಕಾಯಿಹಾಲು ಹಾಕುವ ಭಾವ. 1916ರಿಂದ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಮಾಡ್ತಾ ಇರುವುದು ಮತ್ತೆ ಯಾಕೆ?

ಶಾಮಣ್ಣ: ಹಾಕು. ಮೊದಲು ಹಿಂಡಿದ ದಪ್ಪ ಹಾಲೇ ಆಗಬೇಕು. ಬಿಸಿ ಮಾಡು, ಕುದಿಸಬೇಡ, ಒಡೀತದೆ. ಸ್ವಲ್ಪ ಸ್ವಲ್ಪವೇ ಹೊಯ್ದು ಮೆಲ್ಲ ಕಲಸು. ಬೆಣ್ಣೆ ಇದ್ದಷ್ಟು ಸಾಕು.

ಗಣೇಶ: ಗಾಂಧಾರಿ ಮೆಣಸು ಎರಡು ಜಜ್ಜಿ ಹಾಕಲಾ?

ಶಾಮಣ್ಣ: ಹಲ್ಲು ಕಿತ್ತ ಗಾಯಕ್ಕೆ ಗಾಂಧಾರಿಯಾ! ನೀನು ಭಾವನೋ, ವೈರಿಯೋ?

(ಒಂದು ಚಮಚ ಬಾಯಿಗಿಡುತ್ತಾನೆ. ಕಣ್ಣು ಮುಚ್ಚುತ್ತಾನೆ. ಮಾತಿಲ್ಲ.)

ಗಣೇಶ: ನನಗೂ ಒಂದು ಸೌಟು ಬಡಿಸಿ.

ಶಾಮಣ್ಣ: ಇದು ಹಲ್ಲಿಲ್ಲದವರಿಗೆ. ಆ ಮಿಕ್ಸಿಯದ್ದಕ್ಕೆ ಅಕ್ಕಿಹಿಟ್ಟು ಸೇರಿಸಿ ರೊಟ್ಟಿ ತಟ್ಟು. ನಿನಗೆ ಹಲ್ಲು ಗಟ್ಟಿ ಉಂಟಲ್ಲ, ತಿನ್ನು.