ಖಳನಾಯಕ ಬರುವಷ್ಟರಲ್ಲಿ ಮೇಜು ಖಾಲಿ

ಡ್ರ್ಯಾಗನ್ನನ್ನು ಹೇಗೆ ಕೊಲ್ಲಬೇಕು ಎಂಬ ಬಗ್ಗೆ ಈ ಮಂದಿಯಲ್ಲಿ ತಕರಾರಿಲ್ಲ. ಯಾವ ಪುಸ್ತಕದ ಡ್ರ್ಯಾಗನ್ನನ್ನು ಕೊಲ್ಲಬೇಕು ಎಂಬಲ್ಲೇ ಎಲ್ಲ ರಗಳೆ. ನಾನು ಹೇಳುತ್ತಿರುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮತ್ತು ಅದರ ದಾಯಾದಿ ಆಟಗಳನ್ನು ಆಡುವವರ ವಿಚಾರ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ. ಮೇಜಿನ ಸುತ್ತ ನಾಲ್ಕೈದು ಜನ: ಒಬ್ಬ ಮಾಂತ್ರಿಕ, ಒಬ್ಬಳು ಕಳ್ಳಿ, ಒಬ್ಬ ಗದೆ ಹಿಡಿದ ಪಾದ್ರಿ. ತುದಿಯಲ್ಲಿ ಅಡ್ಡ ಪರದೆ ಇಟ್ಟುಕೊಂಡು ಮಿಕ್ಕ ಇಡೀ ಜಗತ್ತಿನ ಪಾತ್ರ ವಹಿಸುವ ಡಿಎಂ. ಇಪ್ಪತ್ತು ಮುಖದ ದಾಳ ಉರುಳಿದಂತೆ ಹಣೆಬರಹ. ಕಥೆಯನ್ನು ಡಿಎಂ ತಾನೇ ಹೆಣೆಯಬಹುದು. ಅಷ್ಟು ಪುರುಸೊತ್ತಿಲ್ಲದವರಿಗೆ ವರ್ಷಗಟ್ಟಲೆ ಆಡುವಂಥ ಸಿದ್ಧ ಕ್ಯಾಂಪೇನ್‌ಗಳು ಪುಸ್ತಕವಾಗಿ ಸಿಗುತ್ತವೆ. ಅವುಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳಿ ನೋಡಿ. ಆಮೇಲೆ ನೀವು ಮನೆಗೆ ಹೋಗಬಹುದು, ಅವರು ಹೋಗುವುದಿಲ್ಲ.

ತಮಾಷೆಯೆಂದರೆ, ಹೊಗಳುವವರೆಲ್ಲ ಹೊಗಳುವುದು ಕ್ಲೈಮ್ಯಾಕ್ಸನ್ನು. 'ಕೊನೆಯ ಕಾಳಗ ಇದೆಯಲ್ಲ, ಅದನ್ನು ನೋಡಬೇಕು ಮಾರಾಯ!' ನೀನು ನೋಡಿದೆಯಾ ಎಂದರೆ ಕಣ್ಣು ಚಾವಣಿಗೆ ಹೋಗುತ್ತದೆ. 'ಮೂರನೇ ಭಾಗದವರೆಗೆ ಬಂದಿದ್ದೆವು. ಅಷ್ಟರಲ್ಲಿ ಮಾಂತ್ರಿಕನಿಗೆ ಆನ್‌ಸೈಟ್ ಸಿಕ್ಕಿತು, ಪಾದ್ರಿಗೆ ಮದುವೆಯಾಯಿತು.' ಹೀಗೆ ಯಾರೂ ಮುಗಿಸದ ಆಟಗಳ ಮುಕ್ತಾಯದ ಬಗ್ಗೆ ಎಲ್ಲರೂ ರಾತ್ರಿಯಿಡೀ ವಾದಿಸುತ್ತಾರೆ. ನನ್ನ ವಾದ ಅದಕ್ಕೆ ತಿರುಗಾಮುರುಗಾ: ಕ್ಯಾಂಪೇನನ್ನು ಅದರ ಕೊನೆಯಿಂದ ಅಳೆಯಬೇಡಿ. ಅರ್ಧಕ್ಕೆ ನಿಂತರೂ ಹೊಟ್ಟೆ ತುಂಬಿಸುವುದು ಯಾವುದೋ ಅದೇ ಶ್ರೇಷ್ಠ.

ಈ ತಕ್ಕಡಿಗೆ ಮೊದಲು ಪೈಜೋ ಕಂಪನಿಯ ಘನ ಕೃತಿ 'ರೈಸ್ ಆಫ್ ದಿ ರೂನ್‌ಲಾರ್ಡ್ಸ್' ಹತ್ತಲಿ. 2007ರಲ್ಲಿ ಶುರುವಾಗಿ ಆರು ಸಂಪುಟಗಳಲ್ಲಿ ಬಂತು. ಆರಂಭ ಬೊಂಬಾಟ್: ಸ್ಯಾಂಡ್‌ಪಾಯಿಂಟ್ ಎಂಬ ಕಡಲೂರಿನ ಹಬ್ಬದ ದಿನವೇ ಗಾಬ್ಲಿನ್‌ಗಳು ಹಾಡುತ್ತ ಕುಣಿಯುತ್ತ ನುಗ್ಗಿ ಊರಿಗೆ ಬೆಂಕಿ ಇಡಲು ನೋಡುತ್ತವೆ. ಆದರೆ ಅಸಲಿ ಖಳನಾಯಕ ಕಾರ್‌ಜೂಗ್ ಇದ್ದಾನಲ್ಲ, ದುರಾಸೆಯ ಅಧಿಪತಿ, ಹತ್ತು ಸಾವಿರ ವರ್ಷ ಮಲಗಿದ್ದವನು, ಅವನ ಮುಖದರ್ಶನ ಆರನೆಯ ಸಂಪುಟದಲ್ಲಿ. ಬಯಲಾಟದಲ್ಲಿ ಬಣ್ಣದ ವೇಷ ಬರುವಷ್ಟರಲ್ಲಿ ಮಕ್ಕಳು ಚಾಪೆಯ ಮೇಲೆ ಗೊರಕೆ ಹೊಡೆಯುವಂತೆ, ಮೂರನೆಯ ಸಂಪುಟದ ರಾಕ್ಷಸರ ಕೈಗೆ ಸಿಕ್ಕುವಷ್ಟರಲ್ಲಿ ಅರ್ಧ ಮೇಜು ಖಾಲಿ. ಪಾಪ, ಎಷ್ಟು ಮನೆಗಳಲ್ಲಿ ಕಾರ್‌ಜೂಗ್ ಇನ್ನೂ ಯಾರ ಕಾಟವೂ ಇಲ್ಲದೆ ಇದ್ದಾನೋ!

ಅದೇ ಕಂಪನಿಯ 'ಕಿಂಗ್‌ಮೇಕರ್' 2010ರದು. ಕಾಡು ಅಲೆದು, ದರೋಡೆಕೋರರನ್ನು ಓಡಿಸಿ, ನೀವೇ ರಾಜ್ಯ ಕಟ್ಟಬೇಕು. ಇಲ್ಲಿ ಯುದ್ಧಕ್ಕಿಂತ ಪಂಚಾಯಿತಿ ಸಭೆಯೇ ಜೋರು. ಹೊಸ ರಾಜಧಾನಿಯಲ್ಲಿ ಮೊದಲು ದೇವಸ್ಥಾನ ಕಟ್ಟೋಣವೋ ಹೆಂಡದಂಗಡಿಯೋ ಎಂಬುದಕ್ಕೆ ಒಂದು ಸಂಜೆ ಹೋಗುತ್ತದೆ. ಹೆಂಡದಂಗಡಿಯೇ ಗೆಲ್ಲುತ್ತದೆ, ಅದು ಬೇರೆ ಮಾತು. ಇದರ ಕೊನೆಯ ಖಳನಾಯಕಿ ನಿರಿಸ್ಸಾ ಸುಳಿವೇ ಕೊಡದೆ ಕೊನೆಗೆ ಪ್ರತ್ಯಕ್ಷಳಾಗುತ್ತಾಳೆ ಎಂದು ಗೊಣಗುವವರಿದ್ದಾರೆ. ಆದರೆ ಕಟ್ಟಿದ ಊರು ಕೈಯಲ್ಲಿದ್ದರೆ ಅವಳು ಬಂದರೂ ಸರಿ, ಬಾರದಿದ್ದರೂ ಸರಿ.

ನನ್ನ ವಾದಕ್ಕೆ ಸಾಕ್ಷಿ ಬೇಕಿದ್ದರೆ ಬ್ರಿಟನ್ನಿನ 'ದಿ ಎನಿಮಿ ವಿದಿನ್' ಇದೆ. ವಾರ್‌ಹ್ಯಾಮರ್ ಜಗತ್ತಿನದು, 1986ರಲ್ಲಿ ಶುರು. ದಾರಿಯಲ್ಲಿ ಒಂದು ಹೆಣ ಸಿಗುತ್ತದೆ. ನೋಡಿದರೆ ಥೇಟ್ ನಿಮ್ಮಲ್ಲೇ ಒಬ್ಬನ ಮುಖ! ಹೆಣದ ಬಳಿ ವಕೀಲರ ಕಾಗದ: ನಿಮಗೆ ಇಪ್ಪತ್ತು ಸಾವಿರ ಚಿನ್ನದ ನಾಣ್ಯದ ಆಸ್ತಿ ಬಂದಿದೆ, ಬೋಗನ್‌ಹಾಫೆನ್‌ಗೆ ಬಂದು ಪಡೆದುಕೊಳ್ಳಿ. ಈ ಕಾಗದ ಓದಿ ಸತ್ತವನಿಗೆ ಸಂತಾಪ ಸೂಚಿಸಿ ಮುಂದೆ ಹೋದ ಆಟಗಾರರನ್ನು ಯಾರಾದರೂ ಕಂಡಿದ್ದೀರಾ? ಆಸ್ತಿ ಬರೀ ಬಲೆ, ಸತ್ತವನು ದುಷ್ಟ ಪಂಥವೊಂದರ ಆಸಾಮಿ ಎಂದು ತಿಳಿಯುವಷ್ಟರಲ್ಲಿ ಕುತ್ತಿಗೆ ಸಿಕ್ಕಿಬಿದ್ದಿರುತ್ತದೆ. ಈ ಸರಣಿಯ ಕೊನೆಯ ಭಾಗ, 1989ರ 'ಎಂಪೈರ್ ಇನ್ ಫ್ಲೇಮ್ಸ್'ಗೆ ಹಳಬರಲ್ಲಿ ಒಳ್ಳೆಯ ಹೆಸರಿಲ್ಲ. ಮರುಪ್ರಕಟಣೆಯಲ್ಲಿ ಅದನ್ನು ಬದಿಗಿಟ್ಟು ಹೊಸ ಮುಕ್ತಾಯವನ್ನೇ ಬರೆಸಿದರು. ಆದರೂ ಸಾರ್ವಕಾಲಿಕ ಶ್ರೇಷ್ಠಗಳ ಪಟ್ಟಿಯಿಂದ ಇದು ಕೆಳಗಿಳಿದದ್ದಿಲ್ಲ. ಕೊನೆ ಕೆಟ್ಟರೂ ಹೆಸರು ಕೆಡಲಿಲ್ಲ ಎಂದರೆ ಅಲ್ಲಿಯವರೆಗೆ ಹೋದವರೆಷ್ಟು ಎಂದು ನೀವೇ ಲೆಕ್ಕ ಹಾಕಿ.

ಗ್ರೆಗ್ ಸ್ಟಾಫರ್ಡ್ ಅವರ 'ದಿ ಗ್ರೇಟ್ ಪೆಂಡ್ರಾಗನ್ ಕ್ಯಾಂಪೇನ್' ಇನ್ನೂ ಜಾಣ. ಆರ್ಥರ್ ರಾಜನ ಕಥೆ, ಕ್ರಿ.ಶ. 485ರಿಂದ 565ರವರೆಗೆ ಎಂಬತ್ತು ವರ್ಷ. ಒಂದು ವರ್ಷಕ್ಕೆ ಒಂದು ಸಾಹಸ ಎಂಬ ಲೆಕ್ಕ. ಚಳಿಗಾಲ ಬಂದರೆ ಕತ್ತಿ ಒಳಗಿಟ್ಟು ದಾಳ ಹಾಕಬೇಕು: ಫಸಲು ಹೇಗೆ, ಕುದುರೆ ಬದುಕಿತೇ, ಮಗು ಹುಟ್ಟಿತೇ, ಮಂಡಿನೋವು ಶುರುವಾಯಿತೇ. ನಿಮ್ಮ ಯೋಧ ಸತ್ತರೆ ಮಗ ಅಖಾಡಕ್ಕೆ ಇಳಿಯುತ್ತಾನೆ. ನಡುವೆ ನಿಂತರೂ ನಷ್ಟವಿಲ್ಲ, ಆಡಿದಷ್ಟು ವರ್ಷ ನಿಮ್ಮದೇ. ಆರ್ಥರ್ ಕೊನೆಗೆ ಏನಾಗುತ್ತಾನೆ ಎಂಬುದಂತೂ ಮೊದಲೇ ಗೊತ್ತು.

ಆದರೂ ಹೊಸ ಮೇಜಿಗೆ ನನ್ನ ಓಟು 2016ರ 'ಕರ್ಸ್ ಆಫ್ ಸ್ಟ್ರಾಡ್'ಗೆ. ಬರೋವಿಯಾ ಎಂಬ ನಾಡು, ಸುತ್ತ ಮಂಜಿನ ಬೇಲಿ. ಒಳಗೆ ಬಂದವರು ರಕ್ತಪಿಶಾಚಿ ಕೌಂಟ್ ಸ್ಟ್ರಾಡ್‌ನ ಅಪ್ಪಣೆಯಿಲ್ಲದೆ ಹೊರಗೆ ಹೋಗುವಂತಿಲ್ಲ. ಇದರ ಮೂಲ 1983ರಲ್ಲಿ ಟ್ರೇಸಿ ಮತ್ತು ಲಾರಾ ಹಿಕ್ಮನ್ ದಂಪತಿ ಬರೆದ 32 ಪುಟದ 'ರೇವನ್‌ಲಾಫ್ಟ್'. ಅಷ್ಟು ಸಣ್ಣ ಪುಸ್ತಕದಲ್ಲಿ ಪಿಶಾಚಿಗೆ ತಡಮಾಡಲು ಜಾಗವೆಲ್ಲಿ? ಪುಸ್ತಕ 256 ಪುಟಕ್ಕೆ ಊದಿದರೂ ಸ್ಟ್ರಾಡ್ ಆ ಅಭ್ಯಾಸ ಬಿಟ್ಟಿಲ್ಲ. ಬೇಕೆಂದಾಗ ಎದುರಾಗುತ್ತಾನೆ, ಕೆಣಕುತ್ತಾನೆ, ಕೋಟೆಗೆ ಊಟಕ್ಕೆ ಬನ್ನಿ ಎಂದು ಸವಿನಯ ಕಾಗದ ಕಳಿಸುತ್ತಾನೆ. ಮೇಡಂ ಈವಾ ಎಂಬ ಮುದುಕಿ ಎಲೆ ಹರವಿ ಭವಿಷ್ಯ ಹೇಳುತ್ತಾಳೆ. ಅವನನ್ನು ಮಣಿಸುವ ಆಯುಧ ಎಲ್ಲಿದೆ, ಕೋಟೆಯಲ್ಲಿ ಅವನು ಎಲ್ಲಿ ಸಿಗುತ್ತಾನೆ ಎಂಬುದೆಲ್ಲ ಆ ಎಲೆಗಳಿಂದಲೇ ತೀರ್ಮಾನ; ಪ್ರತಿ ಮೇಜಿಗೂ ಬೇರೆ.

ಇನ್ನೊಬ್ಬ ಅಜ್ಜಿ ಗಾಡಿ ತಳ್ಳಿಕೊಂಡು ಮನೆಮನೆಗೆ ಬಂದು ಕನಸಿನ ಕಜ್ಜಾಯ ಮಾರುತ್ತಾಳೆ. ತಿಂದವರಿಗೆ ಸ್ವರ್ಗಸುಖ. ಹಿಟ್ಟು ಯಾವುದು ಎಂದು ಕೇಳಿದವರಿಗೆ ಮಾತ್ರ ಕಷ್ಟ: ಗಾಳಿಗಿರಣಿಯಲ್ಲಿ ಬೀಸಿದ ಮಕ್ಕಳ ಮೂಳೆ. ರೋಷ ಉಕ್ಕಿ ಆ ಕ್ಷಣವೇ ಗಿರಣಿಗೆ ನುಗ್ಗಿದ ಹಸಿ ವೀರರ ತಂಡಗಳು ಇಡಿಯಾಗಿ ನೆಲಕಚ್ಚಿದ ಕಥೆಗಳು ಹೇರಳ. ನೆನಪಿರಲಿ, ಇದೆಲ್ಲ ಪುಸ್ತಕದ ಶುರುವಿನಲ್ಲೇ.

ಹಾಗಾಗಿ ಕೊಳ್ಳುವಾಗ ಕೊನೆಯ ಪುಟ ತಿರುವಿ ಮರುಳಾಗಬೇಡಿ. ಮೂರನೇ ಒಂದು ಭಾಗದ ಹತ್ತಿರ ತೆರೆಯಿರಿ. ಅಷ್ಟರೊಳಗೆ ಖಳ ಒಮ್ಮೆಯಾದರೂ ಕೈಗೆ ಸಿಗುವಷ್ಟು ಹತ್ತಿರ ಬಂದಿದ್ದಾನೆಯೇ? ವಾರವಿಡೀ ಚರ್ಚಿಸುವಂಥ ತಲೆಹರಟೆ ಕೆಲಸವೊಂದು ಆಟಗಾರರಿಗೆ ಸಿಕ್ಕಿದೆಯೇ? ಹೌದಾದರೆ ತೆಗೆದುಕೊಳ್ಳಿ. ಕೊನೆಯ ಅಧ್ಯಾಯವನ್ನು ಡಿಎಂ ಒಬ್ಬನೇ ಮನೆಯಲ್ಲಿ ಕೂತು ಓದಿಕೊಳ್ಳಲಿ. ದುಡ್ಡು ಕೊಟ್ಟವನು ಅವನು, ಅಷ್ಟಾದರೂ ಸಿಗಬೇಡವೇ?